ವಸಂತಿಯ ಗ್ರಾಫ್ ಹಾಳೆ

ನಗುತ್ತಿದ್ದಾಳೆ, ಮತ್ತೆ ನಗುತ್ತಿದ್ದಾಳೆ, ಜಗುಲಿಯಿಂದ ಅಡಿಗೆಮನೆಯವರೆಗೆ ಬರುವ ನಗು, ಲೆಕ್ಕ ಬಿಡಿಸುವಾಗ ನಗುವಂಥದ್ದು ಎಂತ ಇರುತ್ತದೆ, ನಾನೂ ಏಳನೇ ಇಯತ್ತೆಯವರೆಗೆ ಲೆಕ್ಕ ಮಾಡಿದವಳೇ, ಒಂದು ದಿನವೂ ನಗು ಬಂದಿರಲಿಲ್ಲ — ಕಾಯಿ ತುರಿಯುವ ಕೈ ನಿಲ್ಲಿಸಿ ಕೇಳುತ್ತೇನೆ, ಇವರ ದನಿ, ನನ್ನ ಗಂಡನ ದನಿ, ಹೈಸ್ಕೂಲಿನಲ್ಲಿ ಇಡೀ ವರ್ಗವನ್ನು ಗದರಿಸುವ ಅದೇ ದನಿ ಈಗ ಎಷ್ಟು ಮೆತ್ತಗೆ, ವಸಂತಿ, ಎಕ್ಸ್ ಸೊನ್ನೆ ಆದ್ರೆ ವಾಯ್ ಎಷ್ಟಾತು, ಐದು ಭಾವ, ಹಾಂಗಾರೆ ಚುಕ್ಕಿ ಎಲ್ಲಿಡ್ತೆ, ಇಲ್ಲಿ, ಅಲ್ಲ, ಅದು ಅಡ್ಡಗೆರೆ, ನಿಂತ ಗೆರೆ ಮೇಲೆ ಇಡವು — ಮತ್ತೆ ನಗು. ನನ್ನ ಹತ್ತಿರ ಇವರು ಆಡುವ ಮಾತು ಬೇರೆ, ಉಪ್ಪು ಹೆಚ್ಚಾತು, ನೀರು ಕಾದಿದ್ದಾ, ಧೋತರ ಒಣಗಿದ್ದಾ, ಮದುವೆಯಾಗಿ ಕುಮಟೆಯ ಈ ಬಾಡಿಗೆ ಮನೆಗೆ ಬಂದಾಗಿನಿಂದ ಅಷ್ಟೇ. ಅವಳನ್ನು ಇಲ್ಲಿಗೆ ಕರೆಸಿದವಳು ನಾನೇ, ತವರು ಕತಗಾಲದಲ್ಲಿ ಹೈಸ್ಕೂಲಿಲ್ಲ, ತಂಗಿಯಾದರೂ ಮ್ಯಾಟ್ರಿಕ್ ಆಗಲಿ ಎಂದು ಇವರನ್ನು ಗೋಗರೆದವಳು ನಾನೇ, ಬ್ಯಾಡ, ಹೆಣ್ಮಕ್ಕಳ ಜವಾಬ್ದಾರಿ ಬ್ಯಾಡ ಅಂದಿದ್ದರು, ಈಗ ಶಾಲೆಯಿಂದ ಬಂದು ಕಾಲು ತೊಳೆಯುವ ಮೊದಲೇ ವಸಂತಿ ಎಲ್ಲಿ ಎನ್ನುತ್ತಾರೆ, ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹೊಸ ಪುಸ್ತಕ ಬಂದಿದೆಯಂತೆ, ಮುಂಬಯಿ ಕಾಲದ ಹಳೆಯದರಲ್ಲಿ ಇದನ್ನೆಲ್ಲ ಇಷ್ಟು ಚೆಂದ ಕೊಟ್ಟಿರಲಿಲ್ಲವಂತೆ. ಅಮ್ಮ ಸತ್ತ ವರ್ಷ ಅಪ್ಪಯ್ಯ ತಲೆ ತಗ್ಗಿಸಿ ಹೇಳಿದ್ದ, ಮಾದೇವಿ, ಶಾಲೆ ಬಿಡು, ತಂಗಿ ಸಣ್ಣದು, ಮನೆ ನೋಡ್ಕಂಬಲೆ ಯಾರಿದ್ದ, ಬಿಟ್ಟೆ, ಅವಳ ತಲೆ ಬಾಚಿದೆ, ಹಳ್ಳ ತುಂಬಿದ ದಿನ ಬೆನ್ನ ಮೇಲೆ ಹೊತ್ತು ದಾಟಿಸಿ ಅವಳನ್ನು ಶಾಲೆಯ ಬಾಗಿಲಲ್ಲಿ ಇಳಿಸಿ ತಿರುಗಿ ಬಂದೆ. ಅವಳು ನನ್ನ ಕೈಯಲ್ಲಿ ಬೆಳೆದವಳು, ಹಾಗೆಲ್ಲ ಏನೂ ಇಲ್ಲ, ನನಗೆ ಗೊತ್ತು, ಇದ್ದಿದ್ದರೆ ಕೂಗಿ ಜಗಳವಾಡಬಹುದಿತ್ತು, ಇದು ಬರೀ ಲೆಕ್ಕ, ಲೆಕ್ಕದ ಮೇಲೆ ಯಾರು ಜಗಳವಾಡುತ್ತಾರೆ —

ಚಹಾ ತೆಗೆದುಕೊಂಡು ಹೋದೆ, ಇಬ್ಬರೂ ತಲೆ ಎತ್ತಲಿಲ್ಲ, ಹಾಳೆಯ ತುಂಬ ಹಸಿರು ಚೌಕ, ಸಣ್ಣ ಸಣ್ಣ ಚೌಕ, ಅದರ ಮೇಲೆ ಒಂದು ಗೆರೆ ಇಳಿದು ಬರುತ್ತದೆ, ಇನ್ನೊಂದು ಏರಿ ಹೋಗುತ್ತದೆ, ಅವು ದಾಟುವಲ್ಲಿ ಅವಳ ಪೆನ್ಸಿಲಿನ ಮೊನೆ, ಪಕ್ಕದಲ್ಲೇ ಇವರ ಬೆರಳು, ನೋಡು, ಎರಡೂ ಸಮೀಕರಣಕ್ಕೆ ಒಪ್ಪೋ ಜಾಗ ಇದೊಂದೇಯ. ನಂಗೂ ಹೇಳ್ಕೊಡಿ, ಎಂದೆ, ಬಾಯಿಂದ ಹೇಗೆ ಬಂತೋ. ಇವರು ನಕ್ಕರು, ನಿಂಗೆಂತಕೇ ಇದು, ಸಾರು ಉಕ್ಕತಾ ಇದ್ದಾ ನೋಡು ಹೋಗು. ವಸಂತಿ ನಗಲಿಲ್ಲ, ಅವಳು ನಗದೇ ಇದ್ದದ್ದೇ ಹೆಚ್ಚು ಉರಿಯಿತು, ಅಕ್ಕನ ಮೇಲೆ ಕನಿಕರ ಪಡುವಷ್ಟು ದೊಡ್ಡವಳಾದಳೇ. ಆಮೇಲೆ ಇವರು ಪೇಟೆಗೆ ಹೋದರು, ಅವಳು ಒಳಗೆ ಬಂದು ಸೆರಗು ಹಿಡಿದು ಎಳೆದಳು, ಅಕ್ಕಾ, ಬಾರೇ, ನಾ ಹೇಳ್ಕೊಡ್ತೆ, ನಂಗೆ ಬ್ಯಾಡ, ಬಾರೇ ಅಂದ್ರೆ, ಹೋದೆ, ಕೂತೆ, ಕಾಯಿಹಾಲಿನ ವಾಸನೆಯ ಕೈಯಲ್ಲಿ ಪೆನ್ಸಿಲು, ಅದೇ ಹಾಳೆಯ ಖಾಲಿ ಅರ್ಧ. ಎಕ್ಸ್ ವಾಯ್ ಎರಡೂ ಕೂಡಿರೆ ಆರು ಆಗವು ಅಂದಳು, ಎಕ್ಸ್ ಆರಾದರೆ ವಾಯ್ ಸೊನ್ನೆ, ಎಕ್ಸ್ ಸೊನ್ನೆಯಾದರೆ ವಾಯ್ ಆರು, ಎರಡು ಚುಕ್ಕಿ, ಪಟ್ಟಿ ಇಟ್ಟು ಎಳೆದೆ, ಗೆರೆ ಇಳಿಯಿತು. ಈಗ ಎಕ್ಸಿನಾಗೆ ವಾಯ್ ಕಳೆದ್ರೆ ಎರಡು, ಎಕ್ಸ್ ಎರಡಾದರೆ ಸೊನ್ನೆ, ಐದಾದರೆ ಮೂರು, ಇವನ್ನು ಅವಳು ಹೇಳಿಕೊಡಲಿಲ್ಲ, ನಾನೇ ಹೇಳಿದೆ, ಇನ್ನೊಂದು ಗೆರೆ ಏರಿತು, ಮೊದಲಿನದನ್ನು ದಾಟಿತು, ಅಡ್ಡಕ್ಕೆ ನಾಲ್ಕು ಮೇಲಕ್ಕೆ ಎರಡು, ನಾಲ್ಕು ಎರಡು ಕೂಡಿದರೆ ಆರು, ನಾಲ್ಕರಲ್ಲಿ ಎರಡು ಕಳೆದರೆ ಎರಡು — ಆತು! ಆತಲೇ ವಸಂತೀ! ಅವಳು ನನ್ನ ಕುತ್ತಿಗೆಗೆ ಜೋತುಬಿದ್ದಳು, ಇಬ್ಬರೂ ನಗುತ್ತಿದ್ದೇವೆ, ಲೆಕ್ಕದಲ್ಲಿ ನಗುವಂಥದ್ದು ಇದೆ, ಇದೆ, ಇವಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಇವರು ಬರಲಿ, ನೋಡಲಿ.

ಬಂದರು, ಚಪ್ಪಲಿ ಬಿಟ್ಟರು, ಅವಳೇ ಓಡಿ ತೋರಿಸಿದಳು, ಭಾವಾ, ಅಕ್ಕನೇ ಬಿಡಿಸಿದ್ದು ಇದು, ನಾನು ಕಂಬದ ಬದಿಗೆ ನಿಂತಿದ್ದೇನೆ, ಎದೆ ಹೊಡೆದುಕೊಳ್ಳುತ್ತಿದೆ, ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದ ದಿನವೂ ಇಷ್ಟು ಹೊಡೆದುಕೊಂಡಿರಲಿಲ್ಲ. ಇವರು ಹಾಳೆ ಬೆಳಕಿಗೆ ಹಿಡಿದರು, ನಾಲ್ಕು, ಎರಡು, ಸರಿಯಿದ್ದು, ಎಂದರು, ಅವಳ ಬೆನ್ನು ತಟ್ಟಿದರು, ಅಡ್ಡಿಲ್ಲೆ ವಸಂತಿ, ಇವಳಿಗೂ ತಿಳಿಯೋ ಹಾಂಗೆ ಹೇಳಿದ್ಯಲೇ, ಒಳ್ಳೇ ಟೀಚರ್ ಆಗ್ತೆ ನೀನು. ನನ್ನ ಕಡೆ ನೋಡಲಿಲ್ಲ. ಗ್ರಾಫ್ ಹಾಳೆ ಪೇಟೆಯಾಗೆ ಮುಗದೋಜು, ಇದ್ರಾಗೇ ಮುಂದಿನ ಲೆಕ್ಕ ಮಾಡನ, ಎಂದು ಕೂತರು, ಜೇಬಿನಿಂದ ರಬ್ಬರು ತೆಗೆದರು. ಭಾವಾ, ಅದು ಅಕ್ಕಂದು, ಎಂದಳು ಅವಳು, ಮೆಲ್ಲಗೆ, ಒಂದೇ ಸಲ, ಆಮೇಲೆ ಹಾಳೆ ಜರುಗದಂತೆ ತುದಿ ಹಿಡಿದುಕೊಂಡಳು, ಅವಳೇ ಹಿಡಿದುಕೊಂಡಳು, ಇವರು ತಿಕ್ಕಿದರು, ಇಳಿಯುವ ಗೆರೆ ಹೋಯಿತು, ಏರುವ ಗೆರೆ ಹೋಯಿತು, ಕಪ್ಪು ಪುಡಿ ಉಳಿಯಿತು, ಇಬ್ಬರೂ ಬಗ್ಗಿದರು, ಹಣೆ ಹಣೆಗೆ ತಾಗುವಷ್ಟು, ಪುಡಿ ಹಾರಿಸಲು ಊದಿದರು, ಇವರೂ ಊದಿದರು, ಅವಳೂ ಊದಿದಳು, ಇಬ್ಬರ ಉಸಿರೂ ಆ ಹಾಳೆಯ ಮೇಲೆ, ಬಗ್ಗಿದರು, ಊದಿದರು, ಇಬ್ಬರೂ, ಒಟ್ಟಿಗೆ —