ಬಸ್ಸಿನ ಕಡೆ ಮುಖ

ಲಗೇಜ್ ಆಟೋದಿಂದ ಪೆಟ್ಟಿಗೆ ಇಳಿಸಲು ನಾಲ್ಕು ಜನ ಕೈ ಹಾಕಿದ್ದರು. ಹುಚ್ಚರಾಯಪ್ಪ ಮಾತ್ರ ಗುದ್ದಲಿ ಹಿಡಿದು ನಿಂತಲ್ಲಿಂದ ಕದಲದೆ, "ಇದನ್ಯಾಕೆ ತಂದ್ರಿ?" ಎಂದು ಕೇಳಿದ.

ಕಾರೆನ್ ಅವನ ಕಾಲಬುಡದ ಗುಂಡಿಯನ್ನು ನೋಡುತ್ತಿದ್ದಳು. ಗುಂಡಿ ಚೌಕವಾಗಿತ್ತು. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಒಂದಾಳು ಆಳ. ಶಿಕಾರಿಪುರದ ಬಡಗಿಯ ಎದುರು ಕೂತು ಅವಳು ಮಾಡಿಸಿ ತಂದ ಪೆಟ್ಟಿಗೆ ಆರಡಿಯದು.

ಅವಳ ತಾಯಿ ಇಂಗರ್ ಅಂದು ಬೆಳಗಿನ ಜಾವ ತೀರಿಕೊಂಡಿದ್ದರು. ಎಂಬತ್ತೆರಡು ವರ್ಷ. ಐವತ್ತೇಳು ವರ್ಷದ ಹಿಂದೆ ಗಂಡ ಯೆನ್ಸ್ ಜೊತೆ, ಕಂಕುಳಲ್ಲಿ ಕೂಸು ಕಾರೆನ್‌ಳನ್ನು ಎತ್ತಿಕೊಂಡು, ಡೆನ್ಮಾರ್ಕಿನಿಂದ ಸುವಾರ್ತೆ ಸಾರಲು ಬಂದವರು. ತೊಗರ್ಸಿಯಿಂದಾಚೆ ಆನವಟ್ಟಿ ರಸ್ತೆಯ ಈ ಊರಿನಲ್ಲಿ ಒಂದು ದವಾಖಾನೆ ತೆರೆದರು. ಊರವರ ಬಾಯಲ್ಲಿ ಆಕೆ ಇಂಗ್ರಮ್ಮ, ಆತ ಪಾದ್ರಿ. ಇಬ್ಬರೂ ಸೇರಿ ಅಷ್ಟು ವರ್ಷದಲ್ಲಿ ಕ್ರೈಸ್ತರನ್ನಾಗಿ ಮಾಡಿದ್ದು ಹನ್ನೊಂದು ಜನರನ್ನು. ಅವರಲ್ಲಿ ಎಂಟು ಮಂದಿ ಆಮೇಲೆ ಶಿವಮೊಗ್ಗ ಸೇರಿದರು. ಮಾಡಿಸಿದ ಹೆರಿಗೆಗೆ ಮಾತ್ರ ಲೆಕ್ಕವಿಲ್ಲ. ಗುಂಡಿ ತೋಡಿದ ಹುಚ್ಚರಾಯಪ್ಪನೂ ಇಂಗ್ರಮ್ಮನ ಕೈಯಲ್ಲೇ ನೆಲಕ್ಕೆ ಬಿದ್ದವನು.

ಪೆಟ್ಟಿಗೆಯ ಜೊತೆ ಬಂದಿದ್ದ ಪಾಸ್ಟರ್ ಮಲ್ಲಿಕಾರ್ಜುನ್ ಗುಂಡಿ ನೋಡಿ ಹಣೆ ಒತ್ತಿಕೊಂಡ. ಆತ ಊರಲ್ಲಿ ಉಳಿದ ಮೂವರಲ್ಲಿ ಒಬ್ಬನ ಮಗ. ತೊಗರ್ಸಿ ದೇವರ ಹೆಸರು ಇಟ್ಟುಕೊಂಡು ಪಾಸ್ಟರ್ ಆಗುವುದು ಹೇಗೆ ಎಂದು ಒಮ್ಮೆ ಕೇಳಿದ್ದಕ್ಕೆ ಇಂಗ್ರಮ್ಮ, "ನಿಮ್ಮಪ್ಪ ಇಟ್ಟ ಹೆಸರು, ನಾನ್ಯಾಕೆ ತೆಗೀಲಿ" ಎಂದಿದ್ದರಂತೆ.

"ಏನ್ ಕೆಲ್ಸ ಮಾಡಿದ್ರಿ ಹುಚ್ಚರಾಯಪ್ಪ. ನಮ್ಮೋರನ್ನ ಮಲಗಿಸಿ ಮಣ್ಣು ಮಾಡೋದು ಅಂತ ಗೊತ್ತಿಲ್ವಾ?"

"ನಾನು ಗುದ್ದಲಿ ಹಿಡಿದಾಗಿಂದ ಇಂಥದ್ದೇ ತೋಡಿದ್ದು ರೀ. ಕೂರಿಸೋ ಗುಂಡಿ. ಆಯಮ್ಮ ನಿಮ್ಮೋರು ಅಂತ ಇವತ್ತು ಹೇಳ್ತೀರಲ್ಲ, ನಾವು ನಮ್ಮೋರು ಅಂದ್ಕೊಂಡಿದ್ವಿ."

"ಇನ್ನೆರಡು ಅಡಿ ಉದ್ದ ಮಾಡಿದ್ರಾಯ್ತು ತಗಳ್ರಿ."

"ಉದ್ದ ಮಾಡಿ ಏನ್ಮಾಡ್ತೀರಿ?" ದವಾಖಾನೆಯ ಜಗುಲಿಯಿಂದ ಗುಡ್ಡಮ್ಮ ಕೂಗಿ ಹೇಳಿದಳು. "ಮೊದ್ಲು ಇಲ್ಲಿ ಬಂದು ನೋಡ್ರಿ."

ಜಗುಲಿಯ ಗೋಡೆಗೆ ಬೆನ್ನು ಕೊಟ್ಟು ಇಂಗ್ರಮ್ಮ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕೂರಿಸಿದ್ದು ಗುಡ್ಡಮ್ಮ. ಕುರಿ ಕಾಯುವ ಲೋಕಪ್ಪನ ಹೆಂಡತಿ. ಈ ಮನೆಯ ಮಕ್ಕಳನ್ನು ಎತ್ತಿ ಆಡಿಸಿದವಳು. ಬೆಳಿಗ್ಗೆ ಕಾರೆನ್ ಪೆಟ್ಟಿಗೆಗೆಂದು ಹೊರಟ ಮೇಲೆ ಅವಳು ಬಿಸಿನೀರು ಕಾಸಿ ಮೈ ತೊಳೆದು, ನೀಲಿ ಅಂಚಿನ ಸೀರೆ ಉಡಿಸಿ, ಕಾಲು ಮಡಿಸಿ ಕೂರಿಸಿ, ಗದ್ದಕ್ಕೊಂದು ಬಟ್ಟೆ ಕಟ್ಟಿದ್ದಳು. ಪಾಸ್ಟರ್ ಬಗ್ಗಿ ಮೊಣಕಾಲು ಮುಟ್ಟಿ ನೋಡಿ ಕೈ ತೆಗೆದ.

"ಸೆಟೆದೈತಿ," ಎಂದಳು ಗುಡ್ಡಮ್ಮ. "ಬಿಸಿ ಆರೋದ್ರೊಳಗೆ ಕೂರಿಸ್ಬೇಕು, ಇಲ್ಲಾಂದ್ರೆ ಕಾಲು ಮಡಚಂಗಿಲ್ಲ. ಈಗ ಬಿಡಿಸಾಕೆ ಹೋದ್ರೆ ಮುರೀತತಿ."

"ಗುಡ್ಡವ್ವ, ನೀ ನನ್ನ ಕೇಳಲೇ ಇಲ್ಲ," ಎಂದಳು ಕಾರೆನ್.

ಅವಳ ಕನ್ನಡ ಆರು ವರ್ಷದ ಹುಡುಗಿಯದು. ಆ ವಯಸ್ಸಿನಲ್ಲಿ ಊರು ಬಿಟ್ಟಿದ್ದರಿಂದ ಅಲ್ಲಿಗೇ ನಿಂತಿತ್ತು. ನರೆತ ತಲೆಯ ಹೆಂಗಸಿನ ಬಾಯಲ್ಲಿ ಅದನ್ನು ಕೇಳಿ ಎಂಟು ದಿನದಿಂದ ಊರ ಹುಡುಗಿಯರು ನಗುತ್ತಿದ್ದರು. ಇವತ್ತು ಯಾರೂ ನಗಲಿಲ್ಲ.

"ಇದ್ರಾಗೆ ಕೇಳೋದೇನೈತಿ ಕರಿಯವ್ವ," ಎಂದಳು ಗುಡ್ಡಮ್ಮ. ಹಾಲಿನ ಬಣ್ಣದ ಕೂಸಿಗೆ ಕರಿಯವ್ವ ಎಂದು ಹೆಸರಿಟ್ಟವಳು ಅವಳೇ. "ನಿನ್ ತಮ್ಮನ್ನೂ ಹಿಂಗೇ ಕೂರಿಸಿದ್ದು."

ಹುಚ್ಚರಾಯಪ್ಪನಿಗೆ ಸಮಾಧಾನ ಹೇಳುವ ಅವಕಾಶ ಸಿಕ್ಕಿತು. ಅವಳನ್ನು ಗುಂಡಿಯ ಹತ್ತಿರ ಕರೆದು, ಅದರ ಒಂದು ಗೋಡೆಯಲ್ಲಿ ಕೊರೆದ ಗೂಡನ್ನು ತೋರಿಸಿದ. ಹೆಣ ಕೂರುವುದು ಅದರೊಳಗೆ. "ಉತ್ತರಕ್ಕೇ ಮುಖ ಬರ್ತತಿ ನೋಡ್ರಿ. ನಿಮ್ ತಮ್ಮನ ಗುಡ್ಡೆನೂ ಅದೇ ಕಡೀಗೈತಿ. ತಾಯಿ ಕಣ್ಣೆದ್ರಿಗೇ ಮಗ ಇರ್ತಾನೆ."

ಹತ್ತು ಹೆಜ್ಜೆ ಆಚೆ ಸುಣ್ಣ ಬಳಿದ ಸಣ್ಣ ಕಟ್ಟೆ ಇತ್ತು. ಪ್ರತಿ ವರ್ಷ ಬಳಿಯುತ್ತಿದ್ದುದರಿಂದ ಸುಣ್ಣ ಬೆರಳು ದಪ್ಪ ಕೂತಿತ್ತು. ಕಾರೆನ್ ಅದನ್ನು ನೋಡಿ ಗುಂಡಿಯನ್ನು ನೋಡಿದಳು.

"ಹಂಗೇ ಇರ್ಲಿ," ಎಂದಳು. "ಅಮ್ಮ ಯಾವಾಗ್ಲೂ ಆ ಕಡೀಗೇ ನೋಡ್ತಿದ್ಲು."

*

ತಮ್ಮ ಅಂತೋನ್ ಈ ಊರಲ್ಲೇ ಹುಟ್ಟಿದ್ದ; ಊರವರ ಬಾಯಲ್ಲಿ ಅಂತಣ್ಣ. ಎರಡು ವರ್ಷ ತುಂಬಿದ ಮೇಲೆ ಒಂದು ಬೇಸಿಗೆಯಲ್ಲಿ ಮೂರು ದಿನ ವಾಂತಿಭೇದಿಯಾಗಿ ಹೋದ. ಪಾದ್ರಿ ಸಭೆಯ ಕೆಲಸಕ್ಕೆಂದು ಮದ್ರಾಸಿಗೆ ಹೋಗಿದ್ದರು. ಊರಿನವರ ವಾಂತಿಭೇದಿ ನಿಲ್ಲಿಸುತ್ತಿದ್ದ ಇಂಗರ್ ಕೈಯಲ್ಲಿ ತನ್ನ ಮಗನದು ನಿಲ್ಲಲಿಲ್ಲ.

ಆಗ ಗುಂಡಿ ತೋಡಿದ್ದು ಹುಚ್ಚರಾಯಪ್ಪನ ಅಪ್ಪ, ಆಗಲೂ ಚೌಕವಾಗಿ. ಮಲಗಿಸಬೇಕು ಎಂದು ಇಂಗರ್ ಹೇಳಲಿಲ್ಲ. ಗೂಡಿನಲ್ಲಿ ಕೂತ ಮಗು ಊಟಕ್ಕೆ ಕಾಯುವಂತೆ ಕಂಡಿತು. ಐದು ವರ್ಷದ ಕಾರೆನ್ ಗುಡ್ಡಮ್ಮನ ಸೊಂಟದ ಮೇಲಿಂದ ಅದನ್ನು ನೋಡಿದ್ದಳು.

ಪಾದ್ರಿ ಹದಿನೈದು ದಿನ ಬಿಟ್ಟು ಬಂದರು. ತೆಗೆದು ಸರಿಯಾಗಿ ಮಲಗಿಸಬೇಕೆಂದರು. ಇಂಗರ್ ಬೇಡ ಎಂದರು. ಗಂಡನ ಮಾತಿಗೆ ಆಕೆ ಬೇಡ ಎಂದದ್ದನ್ನು ಊರು ಕೇಳಿದ್ದು ಅದೊಂದೇ ಸಲ.

ಅಂದಿನಿಂದ ರೋಗಿಗಳು ಕಡಿಮೆಯಾದ ಹೊತ್ತಿಗೆ ಅವರು ಹೋಗಿ ಕಟ್ಟೆಯ ಹತ್ತಿರ ಕೂರುತ್ತಿದ್ದರು. ಕಾರೆನ್ ಸ್ಲೇಟು ಹಿಡಿದು ಬಂದು, ತಾಯಿಯ ಮಗ್ಗುಲಲ್ಲಿ ಕೂತು, ತಾನು ಬರೆದದ್ದನ್ನು ನೋಡಲಿ ಎಂದು ಕಾಯುತ್ತಿದ್ದಳು.

*

ಮರುವರ್ಷ ಅವಳಿಗೆ ಆರು ತುಂಬಿತು. ಅವರಂಥವರ ಮಕ್ಕಳೆಲ್ಲ ಹೋಗುತ್ತಿದ್ದುದು ತಮಿಳುನಾಡಿನ ಬೆಟ್ಟದ ಮೇಲಿನ ಬೋರ್ಡಿಂಗ್ ಶಾಲೆಗೆ. ಒಂಬತ್ತು ತಿಂಗಳು ಅಲ್ಲಿ, ಮೂರು ತಿಂಗಳು ಮನೆ. ಅದನ್ನು ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ಇಂಗರ್ ಆರು ಫ್ರಾಕು, ಆರು ಲಂಗ, ಎರಡು ಟವೆಲಿನ ಮೇಲೆ ಕೆಂಪು ದಾರದಲ್ಲಿ ಹುಡುಗಿಯ ಹೆಸರು ಹೊಲಿದರು.

ಐದು ಗಂಟೆಯ ಬಸ್ಸು. ಶಿಕಾರಿಪುರದ ಮೇಲೆ ಶಿವಮೊಗ್ಗ, ಅಲ್ಲಿಂದಾಚೆ ರೈಲು. ಕರೆದುಕೊಂಡು ಹೋಗುವವರು ಪಾದ್ರಿ. ಕಾರೆನ್ ಕಿಟಕಿಯ ಹತ್ತಿರ ಕೂತು ಕೆಳಗೆ ನೋಡಿದಳು. ಗುಡ್ಡಮ್ಮ ಎದೆ ಬಡಿದುಕೊಂಡು ಅಳುತ್ತಿದ್ದಳು. ತಾಯಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಬಸ್ಸು ಕದಲುವ ಮೊದಲೇ ಬೆನ್ನು ತಿರುಗಿಸಿ ನಡೆದರು. ಮಗನ ಕಟ್ಟೆಯ ಕಡೆಗೆ.

ಆಮೇಲೆ ಹನ್ನೆರಡು ವರ್ಷ ಭಾನುವಾರಕ್ಕೊಂದು ಕಾಗದ ಬಂತು. ಕೋಳಿ ಮರಿ ಮಾಡಿದ್ದು, ದವಾಖಾನೆಯ ಹಂಚು ಬದಲಿಸಿದ್ದು, ಗುಡ್ಡಮ್ಮನ ಹಲ್ಲುನೋವು, ಎಲ್ಲ ಇರುತ್ತಿತ್ತು. ನಿನ್ನ ನೆನಪಾಗುತ್ತದೆ ಎಂಬುದೊಂದು ಇರುತ್ತಿರಲಿಲ್ಲ. ಸತ್ತ ಮಗನನ್ನು ಹತ್ತಿರ ಇಟ್ಟುಕೊಂಡು ಬದುಕಿದ ಮಗಳನ್ನು ಕಳಿಸಿದಳು ಎಂದು ಕಾರೆನ್ ತನ್ನ ಗಂಡನಿಗೆ ಹೇಳಿದ್ದಳು. ಪಾದ್ರಿ ಡೆನ್ಮಾರ್ಕಿನಲ್ಲಿ ತೀರಿಕೊಂಡ ಮೇಲೂ ಇಂಗರ್ ಇಲ್ಲಿಗೇ ವಾಪಸು ಬಂದರು; ಇಲ್ಲಿಯ ಪೌರತ್ವವನ್ನೂ ತೆಗೆದುಕೊಂಡರು. ಆಗ ಅವಳು ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ತಾಯಿಯನ್ನು ಮಾತ್ರ ಒಂದು ಸಲವೂ ಕೇಳಿರಲಿಲ್ಲ. ಈ ಎಂಟು ದಿನದಲ್ಲಿ ಕೇಳಬೇಕೆಂದೇ ಬಂದಿದ್ದಳು. ಇಂಗರ್‌ಗೆ ಅಷ್ಟರಲ್ಲೇ ಮಾತು ನಿಂತು ಹೋಗಿತ್ತು.

*

ಲೋಕಪ್ಪ ಬಂದಾಗ ನಾಲ್ಕು ಗಂಟೆ. ಆನವಟ್ಟಿಯ ಆಚೆ ಹೊಲವೊಂದರಲ್ಲಿ ಕುರಿ ನಿಲ್ಲಿಸಿಕೊಂಡಿದ್ದ ಅವನಿಗೆ ಸುದ್ದಿ ತಡವಾಗಿ ಮುಟ್ಟಿ, ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದ. ಹೆಗಲ ಮೇಲಿನ ಕಂಬಳಿ ಕೆಳಗಿಟ್ಟು, ಇಂಗ್ರಮ್ಮನ ಪಾದ ಮುಟ್ಟಿ, ನೇರ ಗುಂಡಿಯ ಹತ್ತಿರ ಹೋದ. ಬಗ್ಗಿ ನೋಡಿದ.

"ಯಾವನ್ಲಾ ಇದನ್ನ ತೋಡಿದ್ದು?"

"ನಾನೇ. ಯಾಕೆ ಮಾವ?" ಎಂದ ಹುಚ್ಚರಾಯಪ್ಪ.

"ಗೂಡು ಉಲ್ಟಾ ಐತಿ. ಆ ಕಡಿ ಗ್ವಾಡಿಗೆ ತೆಗಿ."

"ಅಂದ್ರೆ ದಕ್ಷಿಣಕ್ಕೆ ಮುಖ ಬರ್ತತಲ್ಲ. ಯಮನ ದಿಕ್ಕಿಗೆ ಯಾರ್ನಾದ್ರೂ ಕೂರಿಸ್ತಾರಾ?"

"ನಾನೂ ಅದನ್ನೇ ಹೇಳ್ದೆ ಆಯಮ್ಮಂಗೆ. ಎರಡು ವರ್ಷ ಆತು. ಇಲ್ಲೇ ನಿಂತು ಜಾಗ ತೋರಿಸಿದ್ರು."

ಪಾಸ್ಟರ್ ಹತ್ತಿರ ಬಂದ. "ಕೂರಿಸೋಕೆ ಅವ್ರೇ ಹೇಳಿದ್ರಾ?"

"ಕೂರಿಸ್ರಿ ಅಂತಲೂ ಹೇಳಿದ್ರು, ಯಾವ ಕಡೀಗೆ ಅಂತಲೂ ಹೇಳಿದ್ರು. ಈಕೀಗೆ ತಿಳಿದ್ರೆ ಅವತ್ತೇ ಅಳಾಕೆ ಕುಂದುರ್ತಾಳೆ ಅಂತ ನಾನು ಬಾಯಿ ಬಿಟ್ಟಿರ್ಲಿಲ್ಲ."

ಗುಡ್ಡಮ್ಮ ಆಗಲೇ ಅಳಲು ಶುರು ಮಾಡಿದ್ದಳು.

"ಆ ಕಡಿ ಏನೈತಿ?" ಎಂದು ಕೇಳಿದಳು ಕಾರೆನ್.

ಲೋಕಪ್ಪ ಕೈಯೆತ್ತಿ ತೋರಿಸಿದ. ಬೇಲಿಯ ಆಚೆ ರಸ್ತೆ. ರಸ್ತೆಯ ಪಕ್ಕ ಬಸ್ಸು ನಿಲ್ಲುವ ಕಲ್ಲುಕಟ್ಟೆ.

"ಅಂತಣ್ಣ ಈ ಕಡೀಗಿದಾನಲ್ಲಮ್ಮ, ನೀವು ಬೆನ್ನು ಹಾಕಿ ಕುಂದುರ್ತೀರಾ ಅಂದೆ," ಎಂದ ಲೋಕಪ್ಪ. "'ಹುಡುಗ ಎಲ್ಲೂ ಹೋಗಲ್ಲ ಲೋಕಪ್ಪ, ಹೋದೋಳು ಹುಡುಗಿ' ಅಂದ್ರು. 'ನಾನು ಅತ್ರೆ ಕೂಸು ಬಸ್ಸಿಳೀತದೆ ಅಂತ ಪಾದ್ರಿ ಹೇಳಿದ್ದಕ್ಕೆ ಅವತ್ತು ಮುಖ ಮುಚ್ಕಂಡೆ, ತಪ್ಪು ಮಾಡಿದೆ, ನನ್ನನ್ನ ಬಸ್ಸಿನ ಕಡೆ ಕೂರಿಸು' ಅಂದ್ರು."

ಕಾರೆನ್ ರಸ್ತೆಯ ಕಡೆ ತಿರುಗಿ ನಿಂತಳು. ಅವಳ ಭುಜ ಅಲುಗುವುದನ್ನು ಕಂಡು ಗುಡ್ಡಮ್ಮ ಎದ್ದು ಹೋಗಿ ಬೆನ್ನ ಮೇಲೆ ಕೈಯಿಟ್ಟಳು. ಹುಚ್ಚರಾಯಪ್ಪ ಗುದ್ದಲಿ ತೆಗೆದುಕೊಂಡು ಗುಂಡಿಗೆ ಇಳಿದ.

ಇನ್ನೊಂದು ಗೂಡು ಕೊರೆದು ಮೊದಲಿನದಕ್ಕೆ ಮಣ್ಣು ತುಂಬಲು ಮುಕ್ಕಾಲು ಗಂಟೆ ಹಿಡಿಯಿತು. ಪಾಸ್ಟರ್ ಚಿಕ್ಕದೊಂದು ಪ್ರಾರ್ಥನೆ ಮಾಡಿದ. ಲೋಕಪ್ಪನ ಕಂಬಳಿಯಲ್ಲಿ ಕೂರಿಸಿ ನಾಲ್ಕು ಜನ ನಾಲ್ಕು ಚುಂಗು ಹಿಡಿದು ಇಂಗ್ರಮ್ಮನನ್ನು ಇಳಿಸಿದರು. ಗೂಡು ಸರಿಯಾದ ಅಳತೆಗಿತ್ತು. ಗೂಡಿನ ಬಾಯಿ ಮುಚ್ಚಲು ಚಪ್ಪಡಿ ಹುಡುಕಬೇಕೆಂದಾಗ ಎಲ್ಲರೂ ಒಟ್ಟಿಗೇ ಪೆಟ್ಟಿಗೆಯ ಕಡೆ ನೋಡಿದರು. ಪಾಸ್ಟರನೇ ಹೋಗಿ ಅದರ ಮುಚ್ಚಳ ಬಿಚ್ಚಿ ತಂದ.

ಹುಚ್ಚರಾಯಪ್ಪ ರೂಢಿಯಂತೆ ಸೆರಗನ್ನು ಇಂಗ್ರಮ್ಮನ ಮುಖದ ಮೇಲೆ ಎಳೆದ.

"ತಡಿ," ಎಂದಳು ಕಾರೆನ್. ಚಪ್ಪಲಿ ಬಿಟ್ಟು, ಲೋಕಪ್ಪನ ಕೈ ಹಿಡಿದು ಗುಂಡಿಗೆ ಇಳಿದಳು. ಸೆರಗನ್ನು ಸರಿಸಿ ತಾಯಿಯ ಹೆಗಲ ಮೇಲೆ ಹಾಕಿದಳು. ಹಣೆಯ ಮೇಲೆ ಬಿದ್ದಿದ್ದ ಮಣ್ಣನ್ನು ಬೆರಳಿಂದ ಒರೆಸಿದಳು.

"ಮುಚ್ಚಲೇನ್ರೀ?" ಹುಚ್ಚರಾಯಪ್ಪ ಹಲಗೆ ಎತ್ತಿ ಹಿಡಿದಿದ್ದ.

ಆನವಟ್ಟಿ ಕಡೆಯಿಂದ ಹಾರ್ನ್ ಕೇಳಿಸಿತು. ಐದು ಗಂಟೆಯ ಬಸ್ಸು.

"ಬಸ್ಸು ಹೋಗ್ಲಿ," ಎಂದಳು ಕಾರೆನ್.

ಬಸ್ಸು ಕಲ್ಲುಕಟ್ಟೆಯ ಹತ್ತಿರ ನಿಂತಿತು. ಯಾರೋ ಇಳಿದರು, ಯಾರೋ ಹತ್ತಿದರು. ಕಂಡಕ್ಟರ್ ಸೀಟಿ ಊದಿದ. ಹುಚ್ಚರಾಯಪ್ಪ ಹಲಗೆ ಹಿಡಿದೇ ನಿಂತಿದ್ದ. ಗುಂಡಿಯೊಳಗೆ ತಾಯಿಯ ಪಕ್ಕ ಕೂತ ಕಾರೆನ್, ತೊಗರ್ಸಿಯ ಕಡೆ ಬಸ್ಸಿನ ಸದ್ದು ಪೂರ್ತಿ ಅಡಗುವ ತನಕ ಆ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು, ಹಲಗೆಯ ಇನ್ನೊಂದು ತುದಿಯನ್ನು ತಾನು ಹಿಡಿದಳು.