ಸವಾಲಿಗೆ ಬಿದ್ದ ತುತ್ತೂರಿ

ನಾನು ಒಂದು ಹಿತ್ತಾಳೆಯ ತುತ್ತೂರಿ. ಬ್ಯಾಂಡಿನವರ ಬಾಯಲ್ಲಿ ಟ್ರಂಪೆಟ್. ಉತ್ತರದ ಯಾವುದೋ ಊರಿನ ಇಕ್ಕಟ್ಟು ಗಲ್ಲಿಯಲ್ಲಿ ತಗಡು ಕಾಸಿ, ಬಡಿದು, ಸುತ್ತಿ ನನಗೆ ಆಕಾರ ಕೊಟ್ಟರು. ಹುಲ್ಲು ಹೊದಿಸಿದ ಪೆಟ್ಟಿಗೆಯಲ್ಲಿ ರೈಲು ಹತ್ತಿ ಗದಗಿಗೆ ಬಂದೆ. ಬೆಟಗೇರಿಯ ಬ್ಯಾಂಡ್ ಕಂಪನಿಯ ಮಾಲೀಕರು ನನ್ನನ್ನು ಕೊಂಡು, ತಮ್ಮಲ್ಲಿ ಊದುತ್ತಿದ್ದ ಫಕೀರಪ್ಪ ಭಜಂತ್ರಿಯ ಕೈಗಿಟ್ಟರು.

ಫಕೀರಪ್ಪ ನನ್ನನ್ನು ಇಪ್ಪತ್ತೆಂಟು ವರ್ಷ ಊದಿದ. ಮೊದಲ ವಾರವೇ ನನ್ನ ಬಾಯಂಚಿನಲ್ಲಿ ಮೊಳೆಯಿಂದ ‘ಫ’ ಎಂದು ಗೀರಿದ. ಮಾಲೀಕರು ಬೈದರೂ ನಕ್ಕ. ಮದುವೆ ಇಲ್ಲದ ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿ ಬಿಸಿಲಿಗೆ ಇಡುತ್ತಿದ್ದ. ಹಾಗೆ ಇಟ್ಟಾಗ ಅವನ ಮಗಳು ನೀಲವ್ವ ಕದ್ದು ಊದುತ್ತಿದ್ದಳು. ಮೊದಮೊದಲು ಬರೀ ಗಾಳಿ, ಆಮೇಲೆ ಒಂದೊಂದೇ ಸ್ವರ. ಓಣಿಯ ಹೆಂಗಸರು ತಕರಾರು ತೆಗೆದಾಗ ಫಕೀರಪ್ಪ, “ಹೆಣ್ಮಕ್ಕಳು ಊದಿದ್ರ ಗಲ್ಲ ಉಬ್ಬತೈತಿ ಅಂತೀರಿ. ಉಬ್ಬಲಿ ಬಿಡ್ರಿ” ಎಂದ. ಅಂದಿನಿಂದ ಅವನೇ ಕೂರಿಸಿಕೊಂಡು ಕಲಿಸಿದ.

ಅವನ ಮುಂದಿನ ಹಲ್ಲುಗಳು ಬಿದ್ದ ಮೇಲೆ ತುಟಿಗೆ ಆಸರೆ ತಪ್ಪಿತು. ನನ್ನನ್ನು ಮಾಲೀಕರಿಗೆ ಒಪ್ಪಿಸಿ ಬಂದ. ವರ್ಷ ತುಂಬುವುದರೊಳಗೆ ತೀರಿಕೊಂಡ. ಮದುವೆಗಳಿಗೆ ಡಿಜೆ ಬಂದು ಕಂಪನಿ ಮುಚ್ಚಿತು. ಡೋಲು, ಕ್ಲಾರಿನೆಟ್ಟುಗಳ ಜೊತೆ ಗೋಣಿಚೀಲದಲ್ಲಿ ನಾನೂ ಹುಬ್ಬಳ್ಳಿಯ ಹಳೆ ಸಾಮಾನಿನ ವ್ಯಾಪಾರಿ ಪ್ರಭುಲಿಂಗನ ಅಂಗಡಿ ಸೇರಿದೆ.

ಪ್ರಭುಲಿಂಗ ವಾಟ್ಸಾಪಿನಲ್ಲಿ ಒಂದು ಗುಂಪು ನಡೆಸುತ್ತಿದ್ದ. ಹಳೆಯ ವಸ್ತುಗಳ ಹುಚ್ಚಿನ ಇನ್ನೂರು ಚಿಲ್ಲರೆ ಜನ. ಭಾನುವಾರ ಬೆಳಿಗ್ಗೆ ಅವನು ಒಂದು ವಸ್ತುವಿನ ಫೋಟೋ ಹಾಕುತ್ತಿದ್ದ. ಬೇಕಾದವರು ತಾವು ಕೊಡುವ ಬೆಲೆಯನ್ನು ಸವಾಲಾಗಿ ಬರೆಯುತ್ತಿದ್ದರು. ಸಂಜೆ ಐದಕ್ಕೆ ಯಾರದು ಹೆಚ್ಚೋ ಅವರಿಗೆ ವಸ್ತು. ಇದಕ್ಕಿಂತ ಹೆಚ್ಚಿನ ನಿಯಮ ಬರೆದಿಡುವ ಪ್ರಸಂಗ ಅವನಿಗೆ ಬಂದಿರಲಿಲ್ಲ.

ನನ್ನ ಫೋಟೋ ಕೈಯಿಂದ ಕೈಗೆ ಹೋಗಿ ನೀಲವ್ವನನ್ನು ಮುಟ್ಟಿತು. ಅವಳು ಐದಾರು ಹೆಂಗಸರನ್ನು ಕೂಡಿಸಿ ಒಂದು ಬ್ಯಾಂಡ್ ಕಟ್ಟಿದ್ದಳು. ತುತ್ತೂರಿಯೊಂದೇ ಬಾಕಿ ಇತ್ತು. ಬಾಯಂಚಿನ ‘ಫ’ ನೋಡಿದವಳೇ ಗುಂಪಿಗೆ ಸೇರಿ ಸವಾಲು ಹಾಕಿದಳು. ಅವಳಿಗೆ ಎದುರಾಗಿ ಕೊನೆವರೆಗೂ ನಿಂತವರು ಶಾನಭಾಗರು. ತಮ್ಮ ಹೊಸ ಹೋಟೆಲಿನ ಗೋಡೆಗಳಿಗೆ ಅವರು ಹಳೆ ಸಾಮಾನು ಕೂಡಿಸುತ್ತಿದ್ದರು.

ಐದಕ್ಕೆ ಎರಡು ನಿಮಿಷವಿದ್ದಾಗ ಶಾನಭಾಗರು ಆರು ಸಾವಿರ ಎಂದು ಬರೆದರು. ಮೇಜಿನ ಮೇಲೆ ನನ್ನ ಪಕ್ಕದಲ್ಲೇ ಇದ್ದ ಫೋನು ಸುಮ್ಮನಾಯಿತು. ಪ್ರಭುಲಿಂಗ ಗೋಡೆ ಗಡಿಯಾರ ನೋಡುತ್ತಾ ಕೂತ. ಆಮೇಲೆ ಫೋನು ಮತ್ತೊಮ್ಮೆ ಗುಂಯ್ ಎಂದಿತು. ನೀಲವ್ವ: ಆರು ಸಾವಿರದ ಇನ್ನೂರು. ಅವನು ‘ನೀಲವ್ವನಿಗೆ’ ಎಂದು ಬರೆದು ಮುಗಿಸಿದ.

ಅದು ಮುಗಿಯಲಿಲ್ಲ. ತಮ್ಮ ಫೋನಿನಲ್ಲಿ ಅವಳ ಸವಾಲು ಐದಕ್ಕೆ ಬಂದಿದೆ, ಹೊತ್ತು ಮೀರಿದೆ ಎಂದರು ಶಾನಭಾಗರು. ನೀಲವ್ವ ತನ್ನ ಫೋನಿನ ಚಿತ್ರ ಕಳಿಸಿದಳು. ಅದರಲ್ಲಿ ನಾಲ್ಕು ಐವತ್ತೊಂಬತ್ತು. ತಡವಾದದ್ದೂ ಸಲ್ಲುವುದಾದರೆ ತಮ್ಮದು ಆರೂವರೆ ಸಾವಿರ ಎಂದು ಶಾನಭಾಗರು ಮತ್ತೆ ಬರೆದರು. ಕಳಿಸಿದವರ ವೇಳೆಯೇ ಲೆಕ್ಕ ಎಂದು ಕೆಲವರು, ಸವಾಲು ನಡೆಸುವವನ ಫೋನೇ ಲೆಕ್ಕ ಎಂದು ಕೆಲವರು. ಹೋದ ದೀಪಾವಳಿಯಲ್ಲಿ ಅರ್ಧ ನಿಮಿಷಕ್ಕೆ ತನ್ನ ಕೈತಪ್ಪಿದ ಲಾಟೀನಿನ ಮಾತನ್ನು ಒಬ್ಬ ಎತ್ತಿದ. ಇವತ್ತಷ್ಟೇ ಸೇರಿದವಳಿಗೆ ಇಷ್ಟು ಸಲಿಗೆ ಏಕೆಂದು ಇನ್ನೊಬ್ಬ ಕೇಳಿದ. ಪ್ರಭುಲಿಂಗನ ಫೋನಿನಲ್ಲೂ ಐದೇ ಇತ್ತು. ಅವನು ಅದನ್ನು ಬೋರಲು ಹಾಕಿ ತಲೆ ಕೆರೆದುಕೊಂಡ. ನಾನು ಅಲ್ಲೇ ಇದ್ದೆ. ನಾನು ಯಾರಿಗೆ ಸೇರಬೇಕೆಂಬ ಜಗಳದಲ್ಲಿ ನನಗೆ ಒಂದು ಸ್ವರವೂ ಇರಲಿಲ್ಲ.

ನೀಲವ್ವ ಕರೆ ಮಾಡಿದಳು. “ಅಣ್ಣಾರ, ನಾ ಐದರೊಳಗ ಒತ್ತೀನ್ರಿ. ನಮ್ಮ ಕಡೆ ನೆಟ್ವರ್ಕ ಹಂಗ ಐತಿ.”

“ನಂಬತೀನವಾ,” ಎಂದ ಪ್ರಭುಲಿಂಗ. “ಆದ್ರ ನಾ ಒಬ್ಬಾವ ನಂಬಿದ್ರ ಮುಗೀತೇನು?”

ಮರುದಿನ ಅವನು ಗುಂಪಿನಲ್ಲೇ ಮತ ಕೇಳಿದ. ನೀಲವ್ವನ ಸವಾಲು ಸಲ್ಲುತ್ತದೆ ಎಂದವರು ಐವತ್ತೆಂಟು, ಸಲ್ಲದು ಎಂದವರು ಅರವತ್ತೊಂದು. ಅವರಲ್ಲಿ ಹೆಚ್ಚಿನವರು ಅವಳ ಮೇಲಿನ ಹಗೆಯಿಂದ ಹಾಗೆ ಒತ್ತಿದವರಲ್ಲ. ಹೊತ್ತೆಂದರೆ ಹೊತ್ತು ಎಂದು ನಂಬಿದವರು. ನೀಲವ್ವ ‘ಆಗಲಿ’ ಎಂದಷ್ಟೇ ಬರೆದು ಗುಂಪಿನಿಂದ ಹೊರಬಿದ್ದಳು.

ಆರು ಸಾವಿರಕ್ಕೆ ನಾನು ಶಾನಭಾಗರ ಪಾಲಾದೆ. ಹೋಟೆಲಿನಲ್ಲಿ ಕೆಲಸಗಾರನೊಬ್ಬ ಸ್ವರಕ್ಕೆ ಒತ್ತುವ ನನ್ನ ಮೂರು ಗುಂಡಿಗಳನ್ನು ಕಿತ್ತ. ಗೋಡೆಗೆ ಬಿಗಿಯಲು ಮೈಗೆ ಮೂರು ತೂತು ಕೊರೆದ. ಕೊಳವೆಯೊಳಗೆ ವಯರು ಎಳೆದು ಬಾಯಿಗೆ ಬಲ್ಬು ಕೂರಿಸಿದ. ಅಂದಿನಿಂದ ನಾನು ದೀಪ.

ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ ನೀಲವ್ವ ಬಂದಳು. ಶಾನಭಾಗರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದರು. ಅವಳು ಹೆಸರು ಹೇಳುತ್ತಲೇ ಅವರ ಮುಖ ಸಣ್ಣದಾಯಿತು.

“ನನಗೂ ಸಮಾಧಾನ ಇಲ್ರೀ,” ಎಂದರು. “ನಾ ಕೊಟ್ಟಷ್ಟ ಕೊಡ್ರಿ, ತಗೊಂಡು ಹೋಗ್ರಿ.”

ಅವರೇ ಸ್ಟೂಲು ಹತ್ತಿ ನನ್ನನ್ನು ಬಿಚ್ಚಿ ಅವಳ ಕೈಗಿತ್ತರು. ನೀಲವ್ವ ಸೆರಗಿನಿಂದ ಒರೆಸಿದಳು. ಬೆರಳು ಅಭ್ಯಾಸದಂತೆ ಗುಂಡಿಗಳಿದ್ದ ಜಾಗಕ್ಕೆ ಹೋಗಿ ಬರಿದಾದ ತೂತಿಗಿಳಿಯಿತು. ನನ್ನನ್ನು ಮಗುಚಿದಳು, ಮೈಯ ಮೂರು ತೂತುಗಳಿಂದ ಕಿಟಕಿಯ ಬೆಳಕು ಅವಳ ಅಂಗೈಗೆ ಬಿತ್ತು.

“ಇದು ಇನ್ನ ಊದಾಕ ಬರಂಗಿಲ್ರೀ.”

ಶಾನಭಾಗರು ಅದು ತಮಗೆ ತಿಳಿಯದೆ ಹೋಯಿತು ಎಂದರು. ರಿಪೇರಿ ಮಾಡಿಸುತ್ತೇನೆ ಎಂದರು. ಅವಳು ಬೇಡವೆಂದು ತಲೆ ಅಲ್ಲಾಡಿಸಿ, ತಾನೇ ಸ್ಟೂಲು ಹತ್ತಿ ನನ್ನನ್ನು ಮೊಳೆಗೆ ತಗುಲಿಸಿದಳು. ವಾಲಿದ್ದೆನೆಂದು ಒಮ್ಮೆ ನೆಟ್ಟಗೆ ಮಾಡಿದಳು. ಚಹಾ ತರಿಸುತ್ತೇನೆಂದರೂ ನಿಲ್ಲದೆ ಹೋದಳು.

ಈಗ ನನಗೆ ವಯಸ್ಸಾಗಿದೆ. ಒಗ್ಗರಣೆಯ ಹೊಗೆಗೆ ಮೈ ಕಪ್ಪಾಗಿದೆ. ನನಗೆ ಮೋಸ ಮಾಡಿದವರು ಯಾರೆಂದು ಎಷ್ಟು ಯೋಚಿಸಿದರೂ ಒಬ್ಬರೂ ಸಿಗುವುದಿಲ್ಲ. ಪ್ರಭುಲಿಂಗ ಎಲ್ಲರನ್ನೂ ಕೇಳಿಯೇ ತೀರ್ಮಾನ ಮಾಡಿದ, ಶಾನಭಾಗರು ಮರಳಿ ಕೊಡಲು ಬಂದರು. ಸಿಟ್ಟಾಗಲೂ ಒಬ್ಬರಿಲ್ಲದಂಥ ನ್ಯಾಯ ಅದು.

ಶಾನಭಾಗರು ಮೊದಲೆಲ್ಲ ಗಿರಾಕಿಗಳಿಗೆ ನನ್ನನ್ನು ತೋರಿಸಿ ಸವಾಲು ಗೆದ್ದ ಕತೆ ಹೇಳುತ್ತಿದ್ದರು. ಈಗ ಯಾರಾದರೂ ಇದು ಎಲ್ಲಿಯದೆಂದು ಕೇಳಿದರೆ, “ಹಳೇದ್ರೀ” ಎಂದಷ್ಟೇ ಹೇಳಿ, ಅವರ ಮುಂದಿನ ತಟ್ಟೆ ತಾವೇ ಎತ್ತಿಕೊಂಡು ಒಳಗೆ ಹೋಗುತ್ತಾರೆ.