ಬೇಲಿಯಾಚೆಯ ಹೆಪ್ಪು

ಜಾಡಿಯ ಮುಚ್ಚಳ ತೆಗೆದ ಕೂಡಲೇ ಎರ್ಲಿಂಗನ ಮೂಗಿಗೆ ಹುಳಿ ಬಡಿಯಿತು. ಬಾವಿಯ ತಂಪಿನಲ್ಲಿ ಇಳಿಬಿಟ್ಟಿದ್ದ ಬಿಯರಿನ ಹೆಪ್ಪು ಕೆಟ್ಟುಹೋಗಿತ್ತು. ಅಟ್ಟ ಹತ್ತಿ ನೋಡಿದರೆ, ಹೆಪ್ಪು ಕೆಟ್ಟರೆ ಇರಲೆಂದು ಅದರಲ್ಲಿ ಅದ್ದಿ ಒಣಗಿಸಿ ತೂಗುಹಾಕಿದ್ದ ಹುಲ್ಲಿನ ಬಳೆಯನ್ನು ಇಲಿಗಳು ತಿಂದು ಬರಿಯ ದಾರ ಉಳಿಸಿದ್ದವು.

ಕೆಳಗೆ ತೊಟ್ಟಿಯ ತುಂಬ ಮೊಳಕೆ ಬಾರ್ಲಿಯ ಸಿಹಿನೀರು ಆರುತ್ತಿತ್ತು. ಬೆಳಗಿನಿಂದ ಜುನಿಪರ್ ಪೊದೆಯ ಘಮದ ಕೊಂಬೆಗಳ ಜೊತೆ ಕಾಯಿಸಿ ಸೋಸಿದ್ದು. ಶನಿವಾರ ಅಮ್ಮನನ್ನು ಮಣ್ಣು ಮಾಡುವುದಿತ್ತು. ಬಂದವರು ತನ್ನ ಹೆಪ್ಪಿನ ಬಿಯರನ್ನೇ ಕುಡಿಯಬೇಕು. ಮಾತು ನಿಲ್ಲುವ ಮೊದಲು ಮುದುಕಿ ಕೇಳಿದ್ದು ಅದೊಂದನ್ನೇ.

ಹೆಂಡತಿ ಸುನ್ನಿವಾ ತೊಟ್ಟಿಗೆ ಮೊಣಕೈ ಅದ್ದಿದಳು. "ಆಗತಾನೆ ಕರೆದ ಹಾಲಿನ ಬಿಸಿಗೆ ಇಳಿಯೋಕೆ ಅರ್ಧ ಗಂಟೆ. ಪೂರ್ತಿ ಆರಿಹೋದ್ರೆ ಹಂದಿಗೇ ಸುರಿಯೋದು."

"ಅಂಗಡಿ ಹೆಪ್ಪಿನ ಪೊಟ್ಟಣ ಹಾಕಿದ್ರಾಯ್ತು."

"ಅತ್ತೆಗೆ ಕೊಟ್ಟ ಮಾತು?"

ಅವನು ಕೆಟ್ಟ ಹೆಪ್ಪನ್ನು ಹೊರಗೆ ಚೆಲ್ಲಿ ಜಾಡಿ ತೊಳೆದ.

"ಮೋನ್ಸನ ಹತ್ರ ಇದೆ," ಎಂದಳು ಸುನ್ನಿವಾ. "ನಿಂಗೂ ಗೊತ್ತು, ನಂಗೂ ಗೊತ್ತು."

ವೊಸ್ ಕಣಿವೆಯಲ್ಲಿ ಹೆಪ್ಪು ಕೇಳಿ ಬಂದವರನ್ನು ಯಾರೂ ಬರಿಗೈಯಲ್ಲಿ ಕಳಿಸಿದ್ದಿಲ್ಲ. ಆರು ವರ್ಷದ ಹಿಂದೆ, ಬೇಲಿಯ ಜಗಳ ಇನ್ನೂ ಆರದಿದ್ದಾಗ, ಎರ್ಲಿಂಗ್ ಹಾಗೆ ಕಳಿಸಿದ್ದ. ಪಕ್ಕದ ಮನೆಯ ಮೋನ್ಸ್ ಖಾಲಿ ಪಾತ್ರೆ ಹಿಡಿದು ಹೊಸಿಲಲ್ಲಿ ನಿಂತಿದ್ದಂತೆಯೇ ಬಾಗಿಲು ಹಾಕಿಕೊಂಡಿದ್ದ. ಆ ಕ್ರಿಸ್‌ಮಸ್ಸಿಗೇ ಮೋನ್ಸ್ ಬಿಯರಿಟ್ಟಿದ್ದ ಕೊಟ್ಟಿಗೆ ಕಡೆಯಿಂದ ಕಿತ್ತಳೆ ಸಿಪ್ಪೆಯ ಪರಿಮಳ ತೇಲಿಬಂತು. ಸುತ್ತಮುತ್ತ ಆ ಪರಿಮಳ ಅಮ್ಮನ ಹೆಪ್ಪಿಗೆ ಮಾತ್ರ. ಕದ್ದಿದ್ದಾನೆ ಎಂದು ಎರ್ಲಿಂಗ್ ಚರ್ಚಿನ ಮೆಟ್ಟಿಲ ಮೇಲೆ ನಿಂತು ಹತ್ತು ಜನರೆದುರು ಹೇಳಿದ. ಮೋನ್ಸ್ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಈಗ ಮೋನ್ಸ್ ತನ್ನ ಅಂಗಳದಲ್ಲಿ ಸೌದೆ ಸೀಳುತ್ತಿದ್ದ. ಬೇಲಿ ದಾಟಿ ಬಂದ ಎರ್ಲಿಂಗನ ಕೈಯ ಖಾಲಿ ಜಾಡಿಯನ್ನು ನೋಡಿದ, ಕೊಡಲಿ ಕೆಳಗಿಡಲಿಲ್ಲ.

"ಕಳ್ಳನ ಮನೆಗೆ ಹಾಡಹಗಲೇ ಬಂದ್ಬಿಟ್ಟೆಯಲ್ಲೋ. ಯಾರಾದ್ರೂ ನೋಡಿದ್ರೆ?"

"ಹೆಪ್ಪು ಬೇಕಿತ್ತು."

"ಪೇಟೇಲಿ ಸಿಗುತ್ತೆ, ಪೊಟ್ಟಣ. ಬೆಳ್ಳಿ ಕಾಗದ ಸುತ್ತಿರ್ತಾರೆ, ನೋಡೋಕೂ ಚೆಂದ."

"ಅಮ್ಮನಿಗೆ, ಮೋನ್ಸ್."

ಕೊಡಲಿ ಕೊರಡಿಗೆ ಕಚ್ಚಿ ನಿಂತಿತು. ಮೋನ್ಸ್ ಕೈ ಒರೆಸಿಕೊಂಡ.

"ನೀನು ಬಾಗಿಲು ಹಾಕ್ಕೊಂಡ ದಿನವೇ, ಸಂಜೆ, ಹಾಲಿನ ಕ್ಯಾನಿಗೆ ಬಟ್ಟೆ ಮುಚ್ಚಿ ತಂದುಕೊಟ್ರು ನಿಮ್ಮಮ್ಮ. ಬೇಲಿ ಸಂದಿಯಿಂದ. ಮಗನಿಗೆ ಹೇಳ್ಬೇಡ ಅಂದ್ರು."

ಎರ್ಲಿಂಗನಿಗೆ ಜಾಡಿ ಭಾರವೆನಿಸಿತು. "ಆರು ವರ್ಷ ಕಳ್ಳ ಅನ್ನಿಸ್ಕೊಂಡು..."

"ಹೇಳ್ಬೇಡ ಅಂದಿದ್ರಲ್ಲ," ಎಂದು ಮೋನ್ಸ್ ಜಾಡಿಯನ್ನು ಕಸಿದುಕೊಂಡು ನೆಲಮಾಳಿಗೆಗೆ ಇಳಿದ.

ಎರ್ಲಿಂಗ್ ಓಡಿಬಂದಾಗ ಸುನ್ನಿವಾಳ ಮೊಣಕೈ ತೊಟ್ಟಿಯಲ್ಲೇ ಇತ್ತು. "ಹಾಕು, ಇನ್ನು ತಡೆಯೋದಿಲ್ಲ." ಅವನು ಜಾಡಿಯನ್ನು ಬಗ್ಗಿಸಿದ. ಕಿತ್ತಳೆಯ ಪರಿಮಳ ಎದ್ದಿತು. ಸುರಿದೊಡನೆ ಗಟ್ಟಿಯಾಗಿ ಕೂಗಬೇಕು. ಕೂಗದೆ ಹಾಕಿದ ಹೆಪ್ಪು ಏಳುವುದಿಲ್ಲ ಎಂದು ಕಣಿವೆಯ ನಂಬಿಕೆ. ಅಮ್ಮ ಕೂಗಿದರೆ ಇಳಿಜಾರಿನ ಕುರಿಗಳು ಮೇಯುವುದನ್ನು ಬಿಡುತ್ತಿದ್ದವು. ಅವನು ಬಾಯಿ ತೆರೆದ. ದನಿ ಹೊರಡಲಿಲ್ಲ. ಮತ್ತೊಮ್ಮೆ ತೆರೆದ. ಸುನ್ನಿವಾ ಅವನ ಮುಖವನ್ನೇ ನೋಡುತ್ತಿದ್ದಳು.

ಬೇಲಿಯಾಚೆಯಿಂದ ಮೋನ್ಸನ ಕೂಗು ಬಂತು. ಒಡಕು ದನಿ, ಉಸಿರು ಮುಗಿಯುವವರೆಗೂ.

ತೆರೆದ ಬಾಗಿಲಿನಾಚೆ, ಇಳಿಜಾರಿನ ಕುರಿಗಳು ತಲೆಯೆತ್ತಿ ಇತ್ತ ನೋಡಿದವು.